ಜೇಬು ತಡಕುವಷ್ಟು ಹೊತ್ತು

ನಾಟಕದ ಕಾಲದಲ್ಲಿ ರಂಗದ ಮೇಲಿನ ಸೋಫಾಕ್ಕೆ ಖರ್ಚೆಂಬುದೇ ಇರಲಿಲ್ಲ. ಹೋದ ಊರಲ್ಲಿ ಯಾರದೋ ಮನೆಯಿಂದ ಹೊತ್ತು ತರುವುದು, ಆ ಮನೆಯವರಿಗೆ ಮುಂದಿನ ಸಾಲಿನಲ್ಲಿ ಪುಕ್ಕಟೆ ಕುರ್ಚಿ ಕೊಡುವುದು, ಅಷ್ಟೆ. ಅದೇ ನಾಟಕವನ್ನು ಈಗ ಟಿವಿಗೆ ಸಿನಿಮಾ ಮಾಡುತ್ತಿದ್ದವರು ಕೊಂಡ ಸೋಫಾದ ದುಡ್ಡಿನಲ್ಲಿ ಹಳೇ ತಂಡ ಒಂದು ವರ್ಷ ಊರೂರು ತಿರುಗಬಹುದಿತ್ತು. ದೊಡ್ಡಕ್ಕ ಅದರ ಮೇಲೆ ಕೂತು, ಕೈಯಿಂದ ಒತ್ತಿ ನೋಡಿ, "ಮೆತ್ತಗಿದೆ. ಏಳೋದೇ ಕಷ್ಟ" ಅಂದಳು.

ನಾಟಕದ ತಂಡದಿಂದ ಬಂದವರು ಇಬ್ಬರೇ: ಮನೆ ಒಡತಿಯ ಪಾತ್ರದ ದೊಡ್ಡಕ್ಕ, ಹಿಂದೆ ಪರದೆ ಎಳೆಯುತ್ತಿದ್ದ ಅವಳ ಮೈದುನ. ಬಾಡಿಗೆದಾರನ ಪಾತ್ರ ಅವಳ ಗಂಡನದಾಗಿತ್ತು. ಅವನು ತೀರಿಕೊಂಡಮೇಲೆ ನಾಟಕವೂ ನಿಂತುಹೋಗಿತ್ತು. ಈಗ ಆ ಪಾತ್ರಕ್ಕೆ ಬೇರೆ ಹುಡುಗ.

ಕ್ಯಾಮೆರಾ ಓಡಿತು. ಮನೆ ಖಾಲಿ ಮಾಡಿ ಬೀಗದ ಕೈ ಕೊಡಲು ಬಂದ ಬಾಡಿಗೆದಾರ, ಒಡತಿಗೆ ಕಿವಿ ಕೇಳಿಸದೆಂದು ನಂಬಿ, "ಈ ಮುದುಕಿಗೆ ಹಲ್ಲೂ ಇಲ್ಲ, ಕಿವಿಯೂ ಇಲ್ಲ" ಅಂದ.

"ಹಲ್ಲು ಮಾತ್ರ ಇಲ್ಲ ಕಣಪ್ಪ" ಅಂದಳು ದೊಡ್ಡಕ್ಕ. ಅಂದು ಸುಮ್ಮನಾದಳು.

"ಅಮ್ಮಾ, ಮುಂದಿನ ಮಾತು ಮರೆತುಹೋಯ್ತಾ?" ನಿರ್ದೇಶಕ ಕೇಳಿದ.

"ಮರೆಯೋದೇನು ಬಂತು? ನಗು ಇಳೀಲಿ ಅಂತ ಕಾಯ್ತಿದೀನಿ."

"ಇಲ್ಲಿ ಯಾರೂ ನಗ್ತಿಲ್ವಲ್ಲಮ್ಮ."

"ನಮಗೂ ಅದೇ ಚಿಂತೆ" ಅಂದ ಮೈದುನ ಮೂಲೆಯಿಂದ.

ಎಷ್ಟು ಸಲ ತೆಗೆದರೂ ಅವಳು ಅಲ್ಲೇ ನಿಂತಳು. ಕೊನೆಗೆ ನಿರ್ದೇಶಕ ಮ್ಯಾನೇಜರನ ಕಿವಿಯಲ್ಲಿ, "ಇನ್ನೊಂದು ಸಲ ನೋಡೋಣ. ಆಗದಿದ್ರೆ ಬೇರೆಯವರನ್ನ ಕರೆಸಿ" ಅಂದಿದ್ದು ಅವಳಿಗೂ ಕೇಳಿಸಿತು.

ಮೈದುನ ನೀರಿನ ಲೋಟ ಹಿಡಿದು ಬಂದ. "ಅತ್ತಿಗೆ, ನೀವು ಕಾಯ್ತಿರೋದು ನಗುವಿಗಲ್ಲ. ಅಣ್ಣ ಬೀಗದ ಕೈಗೆ ಒಂದೊಂದೇ ಜೇಬು ತಡಕ್ತಿದ್ನಲ್ಲ, ಅದಕ್ಕೆ."

ಅವಳು ನೀರು ಕುಡಿದು ಲೋಟ ವಾಪಸು ಕೊಟ್ಟಳು. ಜನರ ನಗು ತಗ್ಗುವವರೆಗೆ ಗಂಡ ಒಳಜೇಬು, ಹೊರಜೇಬು, ಕೊನೆಗೆ ಟೋಪಿಯನ್ನೂ ತಡಕುತ್ತಿದ್ದ. ಬರೆದ ನಾಟಕದಲ್ಲಿ ಅದಿರಲಿಲ್ಲ. ಪ್ರತಿ ಊರಲ್ಲೂ ಹೊಸದೊಂದು ಜಾಗ ಹುಡುಕಿ ಅವಳನ್ನೇ ನಗಿಸಲು ನೋಡುತ್ತಿದ್ದ. ಈ ಹುಡುಗ ಬೀಗದ ಕೈಯನ್ನು ಕೈಯಲ್ಲೇ ಹಿಡಿದು ನಿಂತಿದ್ದ. ಅವನದೇನೂ ತಪ್ಪಿರಲಿಲ್ಲ.

"ತೆಗೀರಪ್ಪ" ಅಂದಳು.

"ಹಲ್ಲು ಮಾತ್ರ ಇಲ್ಲ ಕಣಪ್ಪ, ಬೀಗದ ಕೈ ಇಟ್ಟು ಹೋಗು." ಒಂದೇ ಉಸಿರಿಗೆ. ನಿರ್ದೇಶಕ ಹೆಬ್ಬೆರಳೆತ್ತಿದ.

ಸಿನಿಮಾ ಬಂದ ದಿನ ಮನೆಮಂದಿಯೆಲ್ಲ ಟಿವಿ ಮುಂದೆ ಕೂತರು. ಆ ಮಾತಿಗೆ ಎಲ್ಲರೂ ಗೊಳ್ಳೆಂದು ನಕ್ಕರು. "ಆಮೇಲೇನಂದ್ರಿ ಅತ್ತೆ? ಕೇಳಿಸಲೇ ಇಲ್ಲ" ಅಂದಳು ಸೊಸೆ. ದೊಡ್ಡಕ್ಕ ಹೇಳಿದಳು. ಅವರು ಇನ್ನೊಮ್ಮೆ ನಕ್ಕರು.

ಪಾತ್ರ ಉಳಿಯಿತು, ನಾಟಕ ಮನೆಮನೆ ಸೇರಿತು. ಗಂಡನಿಗಾಗಿ ಕಾಯುತ್ತಿದ್ದ ಅಷ್ಟು ಹೊತ್ತು ಹೋಯಿತು.