ಹಿಂದಿನ ಸೀಟಿನ ಬಣ್ಣ

ಅತ್ತೆ ಬಾಯಿಬಿಟ್ಟು ಏನನ್ನೂ ಕೇಳಿದವರಲ್ಲ. ಆದ್ದರಿಂದ ಅವರು ಸೊಸೆಯ ಮೇಜಿನ ಪಕ್ಕ ನಿಂತು, "ನನ್ ತಮ್ಮ ಕೂತಿದ್ದ ವಿಮಾನಾನೂ ಮಾಡ್ತೀಯೇನೇ? ಅವನ ಜಾಗ ಹೇಗಿತ್ತು ಅಂತ ಒಂದ್ ಸಲ ನೋಡ್ಬೇಕು" ಎಂದಾಗ ಅವಳಿಗೆ ಇಲ್ಲವೆನ್ನಲು ಬಾಯಿ ಬರಲಿಲ್ಲ.

ಹಳೆಯ ಯುದ್ಧವಿಮಾನಗಳ ಪುಟ್ಟ ಮಾದರಿಗಳನ್ನು ಮಾಡುವುದು ಅವಳ ಹುಚ್ಚು. ಗಂಡ ಆಸೆಪಟ್ಟು ತಂದು, ಒಂದು ರೆಕ್ಕೆ ಅಂಟಿಸುವಷ್ಟರಲ್ಲಿ ಬೇಸತ್ತು ಬಿಟ್ಟ ಡಬ್ಬಿಯಿಂದ ಶುರುವಾದದ್ದು. "ಸಾರಿಗೆ ಉಪ್ಪು ಹಾಕೋದು ಮರೀತಾಳೆ, ಯಾವ ವಿಮಾನಕ್ಕೆ ಎಲ್ಲಿ ಮೊಳೆ ಅಂತ ಮರೆಯಲ್ಲ" ಎಂದು ಅವನು ಬಂದವರೆದುರು ಹಂಗಿಸುತ್ತಿದ್ದ. ನಿಜವೆಂದರೆ ಅಂಟಿಸುವುದು, ಬಳಿಯುವುದು ಅವಳಿಗೆ ಕೊನೆಯ ಕೆಲಸ. ಮೊದಲಿನದು ಹುಡುಕಾಟ. ಒಂದೇ ಜಾತಿಯ ವಿಮಾನವಾದರೂ ಪ್ರತಿಯೊಂದರ ಮೈಯೂ ಬೇರೆ. ಒಂದಕ್ಕೆ ತೇಪೆ, ಇನ್ನೊಂದಕ್ಕೆ ಬದಲಾಯಿಸಿದ ಗಾಜು. ಫೋಟೋದಲ್ಲಿ ಕಾಣದ್ದನ್ನು ಅವಳು ಸೇರಿಸುತ್ತಿರಲಿಲ್ಲ, ಕಂಡದ್ದನ್ನು ಬಿಡುತ್ತಿರಲಿಲ್ಲ.

ಆ ವಿಮಾನವನ್ನು ಓಡಿಸಿದ್ದು ಮಾವ. ಹಿಂದಿನ ಸೀಟಿನಲ್ಲಿ ಕೂತಿದ್ದದ್ದು ಆಗಷ್ಟೇ ವಾಯುಪಡೆಗೆ ಸೇರಿದ್ದ ಅತ್ತೆಯ ತಮ್ಮ. ಎಂಜಿನ್ನಿಗೆ ಬೆಂಕಿ ಹತ್ತಿದಾಗ ಮಾವ ತಲೆಯ ಮೇಲಿನ ಹಿಡಿ ಎಳೆದು, ಸೀಟಿನ ಸಮೇತ ಹೊರಗೆ ಸಿಡಿದು ಬದುಕಿದರು. ಹಿಂದೆ ಕೂತಿದ್ದ ಹುಡುಗ ವಿಮಾನದೊಂದಿಗೇ ಹೋದ. "ಎಳೆಯೋ, ಎಳೆಯೋ ಅಂತ ಕೂಗಿದೆ. ಹುಡುಗ ಹೆದರಿ ಕಲ್ಲಾಗಿಬಿಟ್ಟಿದ್ದ." ಈ ಮಾತನ್ನು ಹೇಳಲೆಂದೇ ಮಾವ ಮೊದಲ ಸಲ ಅತ್ತೆಯ ತವರಿಗೆ ಹೋದದ್ದು. ಆಮೇಲೆ ಸಮಾಧಾನ ಹೇಳಲು ಹೋದರು, ಮತ್ತೆ ಮತ್ತೆ ಹೋದರು. ಅತ್ತೆಯ ಮದುವೆಗೆ ಆ ಮಾತೇ ತಳಪಾಯ. ಇಂದಿಗೂ ತಮ್ಮನ ಸುದ್ದಿ ಬಂದರೆ ಅತ್ತೆ ತಲೆ ತಗ್ಗಿಸುತ್ತಿದ್ದರು, ಅವನ ಹೆದರಿಕೆ ತಮ್ಮದೇ ತಪ್ಪೆಂಬಂತೆ.

ಮೊದಮೊದಲು ಮಾವನಿಗೂ ಹುರುಪು. ಮೂಗಿನ ಬಣ್ಣ, ಬಾಲದ ಮೇಲಿನ ಕೆಂಪು ಪಟ್ಟಿ, ಎಲ್ಲವನ್ನೂ ಕಣ್ಣಿಗೆ ಕಟ್ಟಿದಂತೆ ಹೇಳಿದರು. ಅವಳ ಕೆಲಸ ಹಿಂದಿನ ಸೀಟಿಗೆ ಬಂದಾಗ ಅವರ ದನಿ ಬದಲಾಯಿತು.

"ಅಲ್ಲೇನಿದೆ ಮಣ್ಣು? ಕಪ್ಪು ಬಳಿದು ಮೇಲೆ ಗಾಜು ಕೂರಿಸು. ಯಾರಿಗೆ ಕಾಣತ್ತೆ?"

"ಅತ್ತೆ ನೋಡ್ಬೇಕು ಅಂದಿದ್ದೇ ಆ ಜಾಗ, ಮಾವ."

ಅಂದಿನಿಂದ ಅವಳ ಕೋಣೆಯ ಹೊರಗೆ ಚಪ್ಪಲಿಯ ಸದ್ದು ಬಂದು ನಿಲ್ಲತೊಡಗಿತು. ಒಳಕ್ಕೂ ಬರುತ್ತಿರಲಿಲ್ಲ, ಮುಂದಕ್ಕೂ ಹೋಗುತ್ತಿರಲಿಲ್ಲ. ಒಂದು ಬೆಳಿಗ್ಗೆ ಅವಳ ಭೂತಗನ್ನಡಿ ಮಾಯವಾಗಿತ್ತು. ಮರುವಾರ ಹಜಾರದ ಗೋಡೆಯಲ್ಲಿ ಬರೀ ಮೊಳೆ ಉಳಿದಿತ್ತು.

"ಫೋಟೋದ ಕಟ್ಟು ಸಡಿಲಾಗಿತ್ತು, ರಿಪೇರಿಗೆ ಕೊಟ್ಟೆ" ಎಂದರು ಮಾವ, ಪೇಪರಿನಿಂದ ತಲೆ ಎತ್ತದೆ.

ಅದು ಆ ಕೊನೆಯ ಹಾರಾಟದ ಕಪ್ಪುಬಿಳುಪು ಚಿತ್ರ. ಚಕ್ರಗಳು ಆಗಷ್ಟೇ ನೆಲ ಬಿಟ್ಟಿವೆ. ಹಿಂದಿನ ಗಾಜಿನೊಳಗೆ ಹುಡುಗ ಕೈ ಎತ್ತಿದ್ದಾನೆ. ಅವಳು ಮೊದಲೇ ಅದನ್ನು ಕಂಪ್ಯೂಟರಿಗೆ ಇಳಿಸಿಕೊಂಡದ್ದು ಮಾವನಿಗೆ ಗೊತ್ತಿರಲಿಲ್ಲ. ಈಗ ದೊಡ್ಡದು ಮಾಡಿ ನೋಡಿದಳು. ತಮ್ಮನ ತಲೆಯ ಮೇಲೆ ಏನೋ ಕಪ್ಪಗೆ ಜೋತುಬಿದ್ದಿತ್ತು. ಇಷ್ಟು ವರ್ಷ ಎಲ್ಲರೂ ನೆರಳೆಂದುಕೊಂಡದ್ದು. ಆ ಕಾಲದ ಕೆಲವು ಫಿಲ್ಮುಗಳಲ್ಲಿ ಕೆಂಪು ಕಪ್ಪಾಗಿ ಬೀಳುತ್ತದೆಂದು ಅವಳು ಬಲ್ಲಳು. ಬಾಲದ ಪಟ್ಟಿಯನ್ನು ನೋಡಿದಳು. ಕೆಂಪಾಗಿರಬೇಕಾದ ಅದೂ ಇದ್ದಿಲಿನಂತಿತ್ತು.

ಅಂಥದೇ ವಿಮಾನವೊಂದು ನಿಂತಿರುವ ಮ್ಯೂಸಿಯಮ್ಮಿಗೆ ಫೋನ್ ಮಾಡಿದಳು.

"ಸೀಟಿನ ಮೇಲೆ ಜೋತಾಡೋ ಕೆಂಪು ಪಟ್ಟಿನಾ? ಇರತ್ತಮ್ಮ, ನೆಲದ ಮೇಲೆ ನಿಂತಾಗ" ಎಂದರು ಅಲ್ಲಿನ ಮೇಲ್ವಿಚಾರಕರು. "ಸೀಟು ಅಪ್ಪಿತಪ್ಪಿ ಸಿಡೀದಿರಲಿ ಅಂತ ಹಿಡಿಗೆ ಸಿಕ್ಕಿಸಿದ ಪಿನ್ನಿಗೆ ಕಟ್ಟಿರ್ತಾರೆ. ಪೈಲಟ್ ಹತ್ತೋಕೆ ಮುಂಚೆ ಹಿಂದಿನವರ ಪಿನ್ನನ್ನೂ ತನ್ನ ಕೈಯಾರೆ ತೆಗೀಬೇಕು. ಅದಿದ್ರೆ ಆನೆ ಎಳೆದ್ರೂ ಹಿಡಿ ಅಲ್ಲಾಡಲ್ಲ."

"ಮರೆತು ಹಾರಿಬಿಟ್ರೆ?"

"ಛೇ, ಅದನ್ನ ಮರೆಯೋದುಂಟೇನಮ್ಮ!"

ಹುಡುಗ ಹೆದರಿ ಕೂತಿರಲಿಲ್ಲ. ಎಳೆದಿದ್ದ, ಕೊನೆಯವರೆಗೂ ಎಳೆದಿದ್ದ. ಈ ಮನೆಯಲ್ಲಿ ಅವಳು ಎಷ್ಟೋ ಮಾತುಗಳನ್ನು ನುಂಗಿಕೊಂಡಿದ್ದಳು. ನುಂಗುವುದೇ ಹೊಂದಾಣಿಕೆ ಎಂದು ಕಲಿತಿದ್ದಳು. ಇದು ಒಳಗಿಳಿಯಲಿಲ್ಲ.

ಮಧ್ಯಾಹ್ನ ಕೆಂಪು ಬಣ್ಣದ ಸೀಸೆ ತೆರೆದಾಗ ಚಪ್ಪಲಿಯ ಸದ್ದು ಮೊದಲ ಸಲ ಹೊಸಿಲು ದಾಟಿತು. ಮಾವ ಬಾಗಿಲು ಮುಂದೆ ಮಾಡಿದರು.

"ಅದಕ್ಯಾವ ಬಣ್ಣ?"

"ಫೋಟೋದಲ್ಲಿ ಇರೋದು."

"ಫೋಟೋದಲ್ಲಿ ಕಪ್ಪಿದೆ."

"ಬಾಲದ ಪಟ್ಟೀನೂ ಕಪ್ಪಿದೆ, ಮಾವ."

ಮಾವನ ದನಿ ಮೆತ್ತಗಾಯಿತು, ಅದಕ್ಕೇ ಅವಳಿಗೆ ಭಯವಾಯಿತು. "ನಿನ್ನತ್ತೆ ಇಷ್ಟು ವರ್ಷ ನನ್ ಜೊತೆ ನೆಮ್ಮದಿಯಾಗಿ ಬಾಳಿದಾಳೆ. ಅದನ್ನ ಕೆಡಿಸ್ತೀಯಾ?"

"ತಲೆ ತಗ್ಗಿಸ್ಕೊಂಡು ಬಾಳಿದಾರೆ."

ಅವಳು ಕುಂಚದ ತುದಿ ಮುಟ್ಟಿಸಿದಳು. ಸೀಟಿನ ನೆತ್ತಿಯಲ್ಲಿ ಕೂದಲೆಳೆಯಷ್ಟು ಕೆಂಪು. ಮಾವನ ಅಗಲವಾದ ಕೈ ವಿಮಾನದ ಬೆನ್ನ ಮೇಲೆ ಬಂದು ಕೂತಿತು. ಬೆರಳುಗಳು ಮೆಲ್ಲಗೆ ಬಿಗಿದವು. ಪ್ಲಾಸ್ಟಿಕ್ಕು ಕಿರುಗುಟ್ಟಿತು.

"ಇಬ್ರೂ ಬಾಗಿಲು ಹಾಕ್ಕೊಂಡು ಏನ್ ಪಿಸಿಪಿಸಿ?" ಅತ್ತೆ ಬಾಗಿಲು ತಳ್ಳಿ ಒಳಗೆ ಬಂದರು. ಮಾವ ಕೈ ತೆಗೆದರು.

ಅತ್ತೆ ಕನ್ನಡಕ ಏರಿಸಿಕೊಂಡು ಬಗ್ಗಿದರು. "ಇಷ್ಟೇ ಜಾಗಾನೇ? ಮಂಡಿ ಮಡಿಸೋಕೂ ಆಗ್ತಿರಲಿಲ್ಲ ಅನ್ನು ಪಾಪ." ಬೆರಳನ್ನು ಗಾಜಿಲ್ಲದ ಗೂಡಿನ ಮೇಲೆ ಹಿಡಿದರು, ಮುಟ್ಟಲಿಲ್ಲ. "ತಲೆ ಮೇಲೆ ಅದೇನೇ, ಕೆಂಪಗೆ?"

ಮಾವ ಕಿಟಕಿಯ ಕಡೆ ತಿರುಗಿದ್ದರು.

"ಪಿನ್ನು, ಅತ್ತೆ. ಅದಿದ್ರೆ ಎಷ್ಟು ಎಳೆದ್ರೂ ಹಿಡಿ ಬರಲ್ಲ. ಹಾರೋ ಮುಂಚೆ ತೆಗೀಬೇಕಿತ್ತು."

"ಯಾರು?"

"ಮಾವನ್ನ ಕೇಳಿ."

ಅತ್ತೆ ನೆಟ್ಟಗಾದರು. ಕನ್ನಡಕ ತೆಗೆಯಲಿಲ್ಲ. ಆ ಪುಟ್ಟ ಸೀಟನ್ನು ನೋಡಿದಷ್ಟೇ ಹತ್ತಿರ ಹೋಗಿ, ಗಂಡನ ಮುಖವನ್ನು ನೋಡುತ್ತ ನಿಂತರು.