ತಪ್ಪಿ ಬಂದ ಮಾತು

ಪರದೆಯ ಮೂಲೆಯಲ್ಲಿ ಚಾಟ್ ತೆರೆದುಕೊಂಡಾಗ ಮಾಲಾ ಆಮೇಲೆ ನೋಡಿದರಾಯಿತೆಂದು ಅದನ್ನು ಓದದೆಯೇ ಮುಚ್ಚಲು ಹೊರಟಿದ್ದಳು. ತನ್ನದಲ್ಲದ ಸಂದೇಶಗಳು ಬರುವುದು ಅವಳಿಗೆ ರೂಢಿಯಾಗಿತ್ತು. ಫೋನಿನ ಖರ್ಚು ಉಳಿಯಲಿ ಎಂದು ಆರೋಗ್ಯ ಸಂಸ್ಥೆಯವರು ತಮ್ಮ ಎಲ್ಲ ತಾಲ್ಲೂಕು ಕಚೇರಿಗಳಿಗೂ ಹಾಕಿಸಿದ್ದ ಆ ಸಾಫ್ಟ್‌ವೇರಿನಲ್ಲಿ ಇಂಗ್ಲಿಷಿನ ಒಂದೆರಡು ಅಕ್ಷರ ಒತ್ತಿದರೆ ಸಾಕು, ಉಳಿದ ಹೆಸರನ್ನು ಅದೇ ತುಂಬಿಬಿಡುತ್ತಿತ್ತು. ಎಂ, ಎ ಎಂದು ಒತ್ತಿದವರಿಗೆ ಮೊದಲು ಮಾಲಾ ಸಿಗುತ್ತಿದ್ದಳು, ಆಮೇಲೆ ಮಂಜಣ್ಣ. ಹೀಗಾಗಿ ಮಂಜಣ್ಣನಿಗೆ ಹೋಗಬೇಕಾದ ಲಸಿಕೆ ಶಿಬಿರದ ಸುದ್ದಿ, ಸಭೆಯ ಸುದ್ದಿ ಎಲ್ಲವೂ ಪಕ್ಕದ ಮೇಜಿನಲ್ಲಿ ಕೂತ ಇವಳ ಪಾಲಿಗೆ ಬರುತ್ತಿದ್ದವು. ಅವನ್ನು ಅವನಿಗೆ ಓದಿ ಹೇಳುವುದೇ ಅವಳಿಗೆ ಇನ್ನೊಂದು ಕೆಲಸವಾಗಿತ್ತು.

ಆದರೆ ಇದರಲ್ಲಿ ರೋಜಾ ಎಂಬ ಹೆಸರಿತ್ತು. ಓದಿದಳು.

"ಇಟ್ಟಿಗಿ ರೋಜಾನ್ನ ಕೂಡ್ಲಿಗಿಗೆ ಹಾಕಿಸ್ಕೊಂಡೀನಿ ಮಂಜ. ಹೊಸಾ ಮಾಲು. ಮೊದ್ಲು ಹಾರಾಡ್ತಾಳ. ಕೆಲಸ ಕಾಯಂ ಆಗ್ಬೇಕಂದ್ರ ತಾನೇ ದಾರಿಗೆ ಬರ್ತಾಳ."

ಕಳಿಸಿದವನು ಕೂಡ್ಲಿಗಿ ಕಚೇರಿಯ ಮೇಲ್ವಿಚಾರಕ ಅಂಜಿನೇಯಲು. ಮಾಲಾ ಎದ್ದು ಹೋಗಿ ಬಾಯಲ್ಲಿದ್ದ ಮಂಡಕ್ಕಿಯನ್ನು ಕಿಟಕಿಯಾಚೆ ಉಗುಳಿದಳು. ಮಗಳನ್ನು ಹೊರಗೆ ದುಡಿಯಲು ಕಳಿಸುವುದಿಲ್ಲ ಎಂದು ಹಟ ಹಿಡಿದಿದ್ದ ಸುಂಕಮ್ಮನನ್ನು ಒಪ್ಪಿಸಿ, ರೋಜಾಳನ್ನು ಹಡಗಲಿ ಕಚೇರಿಗೆ ಆರೋಗ್ಯ ಕಾರ್ಯಕರ್ತೆಯಾಗಿ ಸೇರಿಸಿದವಳು ಅವಳೇ. "ನಮ್ಮ ಆಫೀಸಿನಾಗ ಎಲ್ಲಾ ಮನಿ ಮಂದಿ ಇದ್ದಂಗ ಅದಾರ" ಎಂದು ಅವರ ಕಟ್ಟೆಯ ಮೇಲೆ ಕೂತು ಹೇಳಿ ಬಂದಿದ್ದಳು.

ಮಂಜಣ್ಣ ಒಳಗೆ ಬಂದಾಗ ಪರದೆಯನ್ನು ಅವನತ್ತ ತಿರುಗಿಸಿದಳು. ಕೀಬೋರ್ಡಿನ ಮೇಲೆ ಬೆರಳೂರಿ ಓದುತ್ತ ಓದುತ್ತ ಅವನ ಮುಖ ಕಪ್ಪಿಟ್ಟಿತು.

"ನನಗ ಕಳಿಸಿದ್ದು ತಪ್ಪಿ ನಿನಗ ಬಂದೈತಿ ತಗಳವ್ವ. ಹಾಳಾದ್ದು, ಹೆಸರು ಒಂದೂ ನೆಟ್ಟಗ ಹಾಕಂಗಿಲ್ಲ."

"ಹೆಸರಿನ ಮಾತು ಬಿಡು ಮಂಜಣ್ಣ. ಬರೆದಿದ್ದು ಏನದು?"

"ಗಂಡಸ್ರು ಗಂಡಸ್ರು ಏನೋ ಮಾತಾಡ್ಕೊಂತೀವಿ. ನಿಂದಲ್ಲದ್ದನ್ನ ನೀ ಯಾಕ ಓದಿದಿ?"

ಅವಳ ಮಗನಿಗೆ ಜ್ವರ ನೆತ್ತಿಗೇರಿದಾಗ ಹೊಸಪೇಟೆಯಲ್ಲಿ ಬಸ್ಸಿಳಿದು ಆಸ್ಪತ್ರೆಗೆ ಹೆಗಲ ಮೇಲೆ ಹೊತ್ತು ನಡೆದವನು ಈ ಮಂಜಣ್ಣ. ಅವನ ಬೆರಳು ತಾಗಿದ್ದ ಕೀಬೋರ್ಡನ್ನು ಮುಟ್ಟಲೂ ಅವಳಿಗೆ ಹೇಸಿಗೆಯಾಯಿತು.

ಹಗರಿಬೊಮ್ಮನಹಳ್ಳಿಯ ಮುಖ್ಯ ಕಚೇರಿಗೆ ಫೋನ್ ಮಾಡಿದಳು. ಸಂಸ್ಥೆಯನ್ನು ಕಟ್ಟಿ ನಡೆಸುತ್ತಿದ್ದ ಶಿವಮ್ಮ ಅರ್ಧ ಕೇಳಿಸಿಕೊಂಡು, "ಆ ಹೆಸರಿನ ಗೋಳು ನನಗೂ ಸಾಕಾಗೈತಿ ಮಾಲಾ. ಸೋಮವಾರ ಮೀಟಿಂಗಿಗೆ ಎಂಜಿನಿಯರ್‌ನ ಕರಸ್ತೀನಿ" ಎಂದರು.

"ಇದು ಎಂಜಿನಿಯರ್ ಸರಿ ಮಾಡೋದಲ್ರಿ ಮೇಡಂ."

"ಮಂದಿ ಬಂದಾರ. ಆಮ್ಯಾಲೆ ನೋಡಾಣ."

ಭಾನುವಾರ ಮಾಲಾ ರೋಜಾಳ ಊರು ಇಟ್ಟಿಗಿಗೆ ಹೋದಳು. ಸುಂಕಮ್ಮ ಹೊಲದಲ್ಲಿದ್ದಳು. ರೋಜಾ ಹಿತ್ತಲಲ್ಲಿ ಬಟ್ಟೆ ಒಗೆಯುತ್ತಿದ್ದಳು. ಮಾಲಾ ತಡವರಿಸುತ್ತ ಎಲ್ಲ ಹೇಳಿದಳು. ರೋಜಾ ನೊರೆಯ ಕೈಯನ್ನು ಹಾಗೇ ಹಿಡಿದುಕೊಂಡು ಕೇಳಿದಳು.

"ನನಗೂ ಬರ್ತಾವಕ್ಕ," ಅಂದಳು ಕೊನೆಗೆ. "ತಿಂಗಳಿಂದ ಬರಾಕ ಹತ್ಯಾವು. ಮೈ ಬಗ್ಗೆ, ತುಟಿ ಬಗ್ಗೆ. ಕೂಡ್ಲಿಗಿ ಸರ್‌ನ ಕೇಳಿದ್ರ, 'ಬ್ಯಾರೇರಿಗೆ ಕಳಿಸ್ತಿದ್ದೆ, ಕಂಪ್ಯೂಟರು ನಿನ್ನ ಹೆಸರು ಹಾಕೈತಿ' ಅಂದ್ರು. ಎಲ್ಲಾರಿಗೂ ತಪ್ಪಿ ಬರ್ತಿರ್ತಾವಲ್ಲ, ಹಂಗ ಅನ್ಕೊಂಡೆ. ನಂಬಿದೆ."

ಮಾಲಾ ಒಗೆಯುವ ಕಲ್ಲಿನ ಮೇಲೆ ಕೂತುಬಿಟ್ಟಳು.

ಸೋಮವಾರ ಮುಖ್ಯ ಕಚೇರಿಯ ಸಭೆಯಲ್ಲಿ ಹೊಸಪೇಟೆಯಿಂದ ಬಂದ ಎಂಜಿನಿಯರ್ ಗೋಡೆಯ ಮೇಲೆ ಚಿತ್ರ ಬಿಟ್ಟು, ಇನ್ನು ಮುಂದೆ ಹೆಸರು ತಾನಾಗಿ ತುಂಬದಂತೆ ಮಾಡಿರುವುದಾಗಿ ವಿವರಿಸಿದ. ಕೆಂಪು ಶರ್ಟಿನ ಅಂಜಿನೇಯಲು ಮುಂದಿನ ಸಾಲಿನಲ್ಲಿ ಕಾಲು ಚಾಚಿ ಕೂತಿದ್ದ. "ಚಲೋ ಆತು ಬಿಡ್ರಿ. ಇಲ್ಲಾಂದ್ರ ಇದು ನಮ್ಮ ಸಂಸಾರ ಒಡಿಯಾಕ ಹತ್ತಿತ್ತು" ಅಂದ. ಎಲ್ಲರೂ ನಕ್ಕರು. ಶಿವಮ್ಮನೂ ಮುಗುಳ್ನಕ್ಕರು. ಮಾಲಾ ಏಳಬೇಕೆನ್ನುವಷ್ಟರಲ್ಲಿ ಹಿಂದಿನ ಸಾಲಿನಿಂದ ರೋಜಾ ಎದ್ದಳು.

"ಸರ್, ನನಗ ತಪ್ಪಿ ಬಂದಾವು ಅಂದಿದ್ರಿ. ಅವು ಯಾರಿಗೆ ಹೋಗಬೇಕಿತ್ರಿ?"

ಅಂಜಿನೇಯಲು ತಿರುಗಿ ನೋಡಿದ. "ಯಾವ್ದಮ್ಮ?"

ಅವಳು ಬಾಯಿಪಾಠದಂತೆ ಹೇಳತೊಡಗಿದಳು. ಒಂದು ಹೇಳಿದಳು, ನಗು ನಿಂತಿತು. ಇನ್ನೊಂದು ಹೇಳಿದಳು, ನಿಲ್ಲಿಸಲಿಲ್ಲ. ಯಾರೋ ಹೆಂಗಸು "ಥೂ" ಅಂದಳು. ಎಂಜಿನಿಯರ್ ತನ್ನ ವೈರುಗಳನ್ನು ಸುತ್ತತೊಡಗಿದ.

"ಆರ್ ಒತ್ತಿದ್ರ ಇಡೀ ಸಂಸ್ಥೆಯಾಗ ಒಂದ ಹೆಸರು ಬರ್ತೈತ್ರಿ. ನಂದು. ಬ್ಯಾರೇದು ಯಾವ್ದೈತಿ ಹೇಳ್ರಿ, ನಾನ ಅವ್ರಿಗೆ ಮುಟ್ಟಸ್ತೀನಿ."

ಅಂಜಿನೇಯಲು ಮಂಜಣ್ಣನ ಕಡೆ ನೋಡಿದ. ಮಂಜಣ್ಣ ನೆಲ ನೋಡುತ್ತಿದ್ದ. "ತಮಾಷಿಗೆ... ಈಗಿನ ಹುಡುಗ್ರಿಗೆ ತಮಾಷಿ ಗೊತ್ತಾಗಂಗಿಲ್ಲ ಮೇಡಂ" ಎಂದು ಅಂಜಿನೇಯಲು ಶಿವಮ್ಮನತ್ತ ಹಲ್ಲು ಕಿರಿದ.

"ಮಂಜಣ್ಣಗ ಬರೆದಿದ್ದೂ ಐತ್ರಿ," ಎಂದು ಮಾಲಾ ಎದ್ದಳು. "ಅದನ್ನೂ ಹೇಳ್ತೀನಿ, ಪೂರ್ತಿ ಕೇಳ್ರಿ ಈಗ." ಆ ಸಂದೇಶವನ್ನು ಅಕ್ಷರ ಬಿಡದೆ ಹೇಳಿದಳು.

ಶಿವಮ್ಮ ಕುರ್ಚಿಯಿಂದ ಎದ್ದರು. ಅವರ ಕುತ್ತಿಗೆ ಕೆಂಪಾಗಿತ್ತು. "ಕೂಡ್ಲಿಗಿ ಆಫೀಸಿನ ಕೀಲಿಕೈ ಇಲ್ಲಿಡ್ರಿ," ಅಂದರು. ಅವನು ಏನೋ ಹೇಳಹೊರಟ. "ಇಡ್ರಿ ಅಂದೆ."

ಸಭೆ ಮುಗಿದ ಮೇಲೆ ಮಂಜಣ್ಣ ಗೇಟಿನ ಬಳಿ ಸಂಸ್ಥೆಯ ಜೀಪು ನಿಲ್ಲಿಸಿಕೊಂಡು ಕಾಯುತ್ತಿದ್ದ. "ಬಿಸಿಲು ಭಾಳ ಐತಿ. ಬಸ್‌ಸ್ಟ್ಯಾಂಡಿನ ತನಕ ಬಿಡ್ತೀನಿ, ಹತ್ತವ್ವ" ಅಂದ. ಮಾಲಾ ಸೀರೆಯ ಸೆರಗನ್ನು ಮೈಗೆ ಬಿಗಿಯಾಗಿ ಎಳೆದುಕೊಂಡು, ಬಾಗಿಲು ತೆರೆದ ಜೀಪನ್ನು ಸುತ್ತಿ ದಾಟಿದಳು. ರೋಜಾ ಅವಳ ಹಿಂದೆಯೇ ನಡೆದಳು.

ಬಸ್ ನಿಲ್ದಾಣದಲ್ಲಿ ರೋಜಾ ಉಪ್ಪುಖಾರ ಹಚ್ಚಿದ ಪೇರಲಹಣ್ಣು ಕೊಂಡಳು. ಹಡಗಲಿ ಬಸ್ಸು ಬಂತು. ಕಿಟಕಿಯ ಪಕ್ಕ ಕೂತು ಒಂದು ಹೋಳು ಕಚ್ಚಿದವಳೇ ಕೈಯಿಂದ ಕಣ್ಣು ಒರೆಸಿಕೊಂಡಳು.

"ಖಾರ ಭಾಳ ಹಾಕ್ಯಾನಕ್ಕ," ಅಂದಳು.

ಬಸ್ಸು ಊರು ದಾಟಿ ಹೊಲಗಳ ನಡುವೆ ಹೊರಳಿದರೂ ಅವಳು ಕಣ್ಣು ಒರೆಸಿಕೊಳ್ಳುತ್ತಲೇ ಇದ್ದಳು. ಹಣ್ಣನ್ನು ಮಾತ್ರ ಬಿಡದೆ ತಿಂದಳು.