ಅವರೆ ಎಲೆಯ ಮೇಲಿನ ಅಕ್ಕಿಕಾಳು

ಪೊನ್ನುತಾಯಿಯ ಹಿತ್ತಲಲ್ಲಿ ಇದ್ದದ್ದು ಒಂದೇ ಅವರೆ ಚಪ್ಪರ. ಒಡ್ಡನ್‌ಛತ್ರದ ಮಂಡಿಗೆ ಲಾರಿಗಟ್ಟಲೆ ಅವರೆ ಬರುತ್ತದೆ, ಅದಕ್ಕೆ ಈ ಸೊಗಡಿಲ್ಲ. ಇದು ಅವಳ ಅವ್ವ ಮದುವೆಯ ದಿನ ಮಡಿಲಿಗೆ ಹಾಕಿದ ಬಿತ್ತ. ಅವ್ವನಿಗೂ ಹಾಗೇ ಬಂದದ್ದು. ಈಗ ಸಂಕ್ರಾಂತಿಯ ತೈ ತಿಂಗಳಲ್ಲಿ ಮಗಳು ನಿವೇತಾಳ ಮದುವೆ. ಡಬ್ಬಿಯಲ್ಲಿದ್ದ ಬಿತ್ತಕ್ಕೆ ಹುಳ ಹಿಡಿದು, ಉಳಿದ ನಾಲ್ಕು ಕಾಳನ್ನು ಆಷಾಢದ ಹೊತ್ತಿನ ಆಡಿ ತಿಂಗಳಲ್ಲಿ ಊರಿ ಮಗಳ ಮಡಿಲಿಗೆಂದು ಬೆಳೆಸಿದ ಬಳ್ಳಿ ಅದು.

ದೀಪಾವಳಿ ಹೊತ್ತಿನ ಐಪ್ಪಸಿ ಮಳೆಗೆ ಬಳ್ಳಿಯಲ್ಲಿ ಹುಳ ಕಾಣಿಸಿತು. ಬೆರಳಿನಷ್ಟು ದಪ್ಪ, ಹಸಿರು, ಬಾಲದಲ್ಲೊಂದು ಕೊಂಬು. ಕೆಲವು ಹುಳಗಳ ಬೆನ್ನ ಮೇಲೆ ಅಕ್ಕಿಕಾಳು ಅಂಟಿಸಿದ ಹಾಗೆ ಬಿಳಿ ಗುಂಪು. ಮೊಟ್ಟೆ ಇಟ್ಟಿದೆ ಎಂದು ಪೊನ್ನುತಾಯಿ ಒಂದೊಂದನ್ನೇ ಹೊಸಕತೊಡಗಿದಳು.

ಬೇಲಿಯಾಚೆ ಓರಗಿತ್ತಿ ಪಾಂಡೀಶ್ವರಿ ನಿಂತಿದ್ದಳು. ಮಹಿಳಾ ಸಂಘದವರ ಜೊತೆ ಪೆರಿಯಕುಳದ ತೋಟಗಾರಿಕೆ ಕಾಲೇಜಿಗೆ ಹೋಗಿ ತೋಟದ ಹುಳಗಳ ವಿಚಾರ ಕಲಿತು ಬಂದವಳು.

“ಅಕ್ಕಾ, ಅದ ಮುಟ್ಟಬ್ಯಾಡ. ಹುಳ ಎಲ್ಲಾದ್ರೂ ಮೊಟ್ಟೆ ಇಡ್ತದಾ? ರೆಕ್ಕೆ ಬಂದ ಮೇಲಲ್ವಾ ಇಡೋದು? ಇವು ಹಾರೋ ಸಣ್ಣ ಕಣಜದ ಮರಿಗಳ ಗೂಡು. ಹುಳದ ಹೊಟ್ಟೆ ತಿಂದು ಹೊರಗೆ ಬಂದು ಕಟ್ಟಿದ್ದು. ನಿನ್ನ ವೈರಿ ಮಣ್ಣೊಳಗೆ ಇರ್ತದೆ, ಈ ಹಸಿರು ಹುಳಾನೇ ಪತಂಗ ಆಗೋಕೆ ಮುಂಚೆ ಅಲ್ಲಿ ಗೂಡಾಗಿ ಮಲಗ್ತದೆ, ಕಂದು ಬಣ್ಣ, ಹೆಬ್ಬೆರಳು ದಪ್ಪ. ಅದ ಕೋಳಿಗೆ ಹಾಕು.”

ಬೆಳಿಗ್ಗೆ ಬುಡ ಕೆದಕುವಾಗ ಅಂಥವು ಸಿಕ್ಕಿದ್ದು ನಿಜ. ಸತ್ತದ್ದೇನೋ ಎಂದು ಪೊನ್ನುತಾಯಿ ಮತ್ತೆ ಮಣ್ಣು ಮುಚ್ಚಿದ್ದಳು. ಆದರೆ ಒಪ್ಪಿಕೊಳ್ಳುವುದು ಹೇಗೆ? ಹೋದ ವರ್ಷ ಇದೇ ಪಾಂಡೀಶ್ವರಿ ಒಂದು ಹಿಡಿ ಬಿತ್ತ ಕೇಳಿದಾಗ, ಬಿತ್ತ ಹೊಸಿಲು ದಾಟಿದರೆ ಸಿರಿಯೂ ದಾಟುತ್ತದೆ ಎಂದು ಬರಿಗೈಯಲ್ಲಿ ಕಳಿಸಿದ್ದಳು.

“ಬಿತ್ತ ಕೊಡ್ಲಿಲ್ಲಾಂತ ನನ್ನ ಬಳ್ಳೀಲಿ ಹುಳ ಸಾಕು ಅಂತೀಯಾ? ನಿನ್ನ ಸಂಘದ ಪಾಠ ನಿನ್ನ ಹಿತ್ತಲಲ್ಲೇ ಇರ್ಲಿ.”

ಪಾಂಡೀಶ್ವರಿ ಒಳಗೆ ಹೋದಳು. ಪೊನ್ನುತಾಯಿ ಬಿಳಿ ಗುಂಪು ಒಂದನ್ನೂ ಬಿಡದೆ ಹೊಸಕಿಹಾಕಿದಳು.

ಮಣ್ಣಲ್ಲಿದ್ದವು ಪತಂಗಗಳಾಗಿ ಎದ್ದವು, ಎಲೆಗೆ ಮೊಟ್ಟೆ ಇಟ್ಟವು. ಈ ಸಲ ಹುಳಗಳನ್ನು ತಿನ್ನಲು ಕಣಜಗಳಿರಲಿಲ್ಲ. ಔಷಧಿ ಹೊಡೆಯುವಷ್ಟರಲ್ಲಿ ಕಾರ್ತಿಕದ ಹೂವೂ ಇಲ್ಲ, ಎಲೆಯೂ ಇಲ್ಲ; ಚಪ್ಪರದ ಮೇಲೆ ಬರೀ ನಾರು.

ಬದನೆ ಗಿಡದಲ್ಲಿ ಅದೇ ಬಿಳಿ ಗೂಡು ಕಂಡಾಗ, ಓರಗಿತ್ತಿಯ ಮಾತು ಸುಳ್ಳೆಂದು ತೋರಿಸಲಿಕ್ಕೇ ಪೊನ್ನುತಾಯಿ ಎಲೆಸಮೇತ ಬಾಟಲಿಗೆ ಹಾಕಿ, ಬಾಯಿಗೆ ತೆಳು ಬಟ್ಟೆ ಕಟ್ಟಿದಳು. ಹೊರಬಂದದ್ದು ಹುಳವಲ್ಲ, ಸೊಳ್ಳೆಗಿಂತ ಸಣ್ಣ ಕರಿ ಕಣಜಗಳು. ಮನೆಯವರೆಲ್ಲ ನೋಡಿದರು. ಪೊನ್ನುತಾಯಿ ಬಟ್ಟೆ ಬಿಚ್ಚಿ ಅವನ್ನು ಹಾರಿಬಿಟ್ಟಳು.

ಮದುವೆಯಲ್ಲಿ ನಿವೇತಾ ಸೆರಗು ಹಿಡಿದು ನಿಂತಳು. ಅಂಗಡಿ ಪೊಟ್ಟಣದ ಬಿತ್ತವನ್ನು ಮಡಿಲಿಗೆ ಸುರಿಯುವಾಗ ಪೊನ್ನುತಾಯಿ ಮಗಳ ಮುಖ ನೋಡಲಿಲ್ಲ. ಪಕ್ಕದಲ್ಲಿದ್ದ ಪಾಂಡೀಶ್ವರಿ ಅವಳಿಗಷ್ಟೇ ಕೇಳುವಂತೆ ಹೇಳಿದಳು.

“ಅವತ್ತು ಒಂದು ಹಿಡಿ ನಂಗೆ ಕೊಟ್ಟಿದ್ರೆ, ಇವತ್ತು ನಾನು ತಂದು ಹಾಕ್ತಿದ್ದೆ ಅಕ್ಕಾ.”

ಅಕ್ಕತಂಗಿಯರೇ, ಹುಳದ ಬೆನ್ನಲ್ಲಿ ಅಕ್ಕಿಕಾಳಿನಂಥ ಬಿಳಿ ಗೂಡು ಕಂಡರೆ ಬಿಟ್ಟುಬಿಡಿ. ಬುಡದ ಮಣ್ಣಲ್ಲಿ ದಪ್ಪ ಕಂದು ಗೂಡು ಸಿಕ್ಕರೆ ತೆಗೆದು ಕೋಳಿಗೆ ಹಾಕಿ. ಯಾವುದೆಂದು ತಿಳಿಯದಿದ್ದರೆ ಬಾಟಲಿಯಲ್ಲಿಟ್ಟು ಕಾದು ನೋಡಿ. ಮತ್ತೆ, ತಿಳಿದವರು ಬೇಲಿಯಾಚೆಯಿಂದ ಹೇಳಿದರೂ ಕೇಳಿ. ಹೊಸಕಿದ್ದನ್ನು ಮತ್ತೆ ಎಲೆಗೆ ಅಂಟಿಸಲಾಗದು.